ಗಟ್ಟಿ ಗೇರಿನ ಸದ್ದು

ಹೋದ ವಾರ ಧರ್ಮಪುರಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಂಟಪದ ಎದುರು ಯಾವುದೋ ಲಾರಿ ಕೆಟ್ಟು ನಿಂತಿತ್ತು. ಅಡಿಯಿಂದ ಗೇರ್ ಎಣ್ಣೆ ತೊಟ್ಟಿಕ್ಕುತ್ತಿತ್ತು, ಸುಟ್ಟ ವಾಸನೆ. ಜೊತೆಗೆ ಬಂದವರು ಮೂಗು ಮುಚ್ಚಿಕೊಂಡು ಒಳಗೆ ಹೋದರು, ನಾನು ಅಲ್ಲೇ ನಿಂತೆ. "ಏನ್ಲಾ ಇದು, ಒಣಮೀನು ಸುಟ್ಟಂಗೆ ನಾರ್ತೈತೆ" ಅಂತ ನನ್ನ ಗಾಡಿಗೆ ದಿನಾ ಬೈಯುತ್ತಿದ್ದ ಎದುರುಮನೆ ಅಕ್ಕ ನೆನಪಾದಳು... ಅವಳ ಹಿಂದೆಯೇ ಕೋಪವೂ ಬಂತು.

ಎಷ್ಟೋ ವರ್ಷಗಳ ಹಿಂದೆ ಮೊರಪ್ಪೂರಿನ ಕಡೆಯ ಒಂದು ಕಲ್ಲು ಕ್ವಾರಿಯಲ್ಲಿ ನಾನು ಡಂಪರ್ ಓಡಿಸುತ್ತಿದ್ದೆ. ಅಕ್ಕ ಅಲ್ಲೇ ಡ್ರಿಲ್ ಹಿಡಿಯುವವರಿಗೆ ನೀರು ಹೊರುತ್ತಿದ್ದಳು. ಗಂಡ ಇರಲಿಲ್ಲ, ಒಬ್ಬಳೇ ಮಗಳು, ಆಗಿನ್ನೂ ಸಣ್ಣದು. ಬಾಯಿ ಮಾತ್ರ ಇಡೀ ಕ್ವಾರಿಗೆ ಸಾಕಾಗುವಷ್ಟಿತ್ತು. ಡ್ರಿಲ್ಲಿನ ಪಕ್ಕದಲ್ಲೇ ವರ್ಷಗಟ್ಟಲೆ ದುಡಿದು ಅವಳ ಕಿವಿ ಮಂದವಾಗಿತ್ತು. ಅದಕ್ಕೇ ಅಷ್ಟು ಜೋರು ಮಾತು ಅಂತ ನಾವೆಲ್ಲ ರೇಗಿಸುತ್ತಿದ್ದೆವು.

ನನ್ನ ಡಂಪರ್ ಆಟೋಮ್ಯಾಟಿಕ್. ಕ್ಲಚ್ ತುಳಿಯುವ ಕೆಲಸವಿಲ್ಲ, ಗೇರು ತಾನೇ ಬದಲಾಗುತ್ತದೆ. ಆದರೆ ಲೋಡು ಹೊತ್ತು ಗುಂಡಿಯಿಂದ ಏರು ಹತ್ತುವಾಗ ಒಂದು ಗೇರು ಬಿಟ್ಟು ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಜಾರಿಕೊಳ್ಳುತ್ತಿತ್ತು. ಒಳಗಿನ ಪ್ಲೇಟುಗಳು ಉಜ್ಜಿ ಉಜ್ಜಿ ಎಣ್ಣೆ ಸುಡುತ್ತಿತ್ತು. ಕೊನೆಗೆ ಸೇಲಂನಿಂದ ಮೆಕ್ಯಾನಿಕ್ ಬಂದು ಗೇರ್‌ಬಾಕ್ಸ್ ಬಿಚ್ಚಿ, ಬಿರುಸಾದ ಸ್ಪ್ರಿಂಗ್ ಹಾಕಿ, ಎಣ್ಣೆ ಹರಿಯುವ ತೂತುಗಳನ್ನು ಅಗಲ ಮಾಡಿದ. ಆಮೇಲೆ ಗೇರು ಧಡ್ ಅಂತ ಹಿಡಿಯತೊಡಗಿತು. ಸೀಟಿನಲ್ಲಿ ನಾನು ಒಮ್ಮೆ ಎಗರುತ್ತಿದ್ದೆ, ಹಿಂದಿನ ಕಬ್ಬಿಣದ ಬಾಗಿಲು ಧಡಾರ್ ಅಂತ ಬಡಿದುಕೊಳ್ಳುತ್ತಿತ್ತು. ಎಣ್ಣೆ ಸುಡುವುದು ನಿಂತಿತು.

ಏರಿನ ತಿರುವಿಗೆ ಸ್ವಲ್ಪ ಮೊದಲು ರಸ್ತೆ ಸಮವಾಗುತ್ತದೆ. ಪ್ರತಿ ಸಲವೂ ಅಲ್ಲೇ ಗೇರು ಬದಲಾಗಿ ಬಾಗಿಲು ಬಡಿಯುತ್ತಿತ್ತು. ಡ್ರಿಲ್ಲುಗಳ ಗಲಾಟೆಯಲ್ಲಿ ಇಂಜಿನ್ ಸದ್ದು ಯಾರಿಗೂ ಕೇಳದು. ಆ ಧಡಾರ್ ಮಾತ್ರ ಅಕ್ಕನ ಕಿವಿಗೂ ಮುಟ್ಟುತ್ತಿತ್ತು. ಕೊಡ ಹೊತ್ತವಳು ಬಂಡೆಗೆ ಒರಗಿ ನಿಂತು ದಾರಿ ಬಿಡುತ್ತಿದ್ದಳು. "ನಿನ್ ವಂಡಿ ಗೇರು ಬಿದ್ರೆ ನನ್ ಕಾಲು ತಾನೇ ಓರಕ್ಕೆ ಓಯ್ತೈತೆ ಕಣ್ಲಾ ತಮ್ಮ" ಅನ್ನುತ್ತಿದ್ದಳು. ಡಂಪರಿನ ಹಾರನ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಸರಿ ಮಾಡಿಸಿ ಅಂತ ಕ್ವಾರಿ ಓನರಿಗೆ ಹೇಳಿ ಹೇಳಿ ನನಗೇ ಬೇಜಾರಾಗಿತ್ತು. "ಗುಂಡಿ ಒಳಗೆ ಯಾರಿಗಪ್ಪಾ ಹಾರನ್, ಅಲ್ಲೇನು ಟ್ರಾಫಿಕ್ ಐತಾ?" ಅಂತ ನಗುತ್ತಿದ್ದ.

ಒಂದು ದಿನ ಓನರಿನ ಹೊಸ ಅಳಿಯ ಕ್ವಾರಿ ನೋಡಲು ಬಂದು ನನ್ನ ಪಕ್ಕ ಕೂತ. ಗೇರು ಬಿದ್ದಾಗ ಮುಗ್ಗರಿಸಿ ಹಣೆ ಗಾಜಿಗೆ ಹೊಡೆಯಿತು, ಸಣ್ಣ ಬುಗುಟು. ಅಷ್ಟಕ್ಕೇ ಮಾವನ ಮಾನ ಹೋಯಿತಂತೆ! ನಾನು ತಂಗಿಯ ಹೆರಿಗೆಗೆ ಮೆಟ್ಟೂರಿಗೆ ಹೋಗಿದ್ದಾಗ ಮತ್ತೆ ಗೇರ್‌ಬಾಕ್ಸ್ ಬಿಚ್ಚಿಸಿ, ಹಳೆ ಸ್ಪ್ರಿಂಗ್ ಹಾಕಿಸಿ, ಬೆಣ್ಣೆಯ ಹಾಗೆ ಮಾಡಿಸಿದ. ಬೇರೆ ಡ್ರೈವರನ್ನು ಕೂರಿಸಿದ. ಸದ್ದು ಬರುವುದಿಲ್ಲ ಅಂತ ಕೆಳಗೆ ಕೆಲಸ ಮಾಡುವವರಿಗೆ ಒಂದು ಮಾತು ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಅಕ್ಕ ಕೊಡ ಹೊತ್ತು ತಿರುವಿಗೆ ಬಂದಳು. ಗೇರು ಮೆತ್ತಗೆ ಬದಲಾಯಿತು, ಬಾಗಿಲು ಬಡಿಯಲಿಲ್ಲ, ಅವಳು ಸರಿಯಲಿಲ್ಲ...

ನಾನು ಓಡಿ ಬರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿ ಆಗಿತ್ತು. ಓನರ್ ಎಲ್ಲರ ಮುಂದೆ, "ಕಿವುಡಿ, ದಾರಿ ನಡುವೆ ಯಾಕೆ ನಡೀಬೇಕಿತ್ತು?" ಅಂದ. ವಿಚಾರಣೆಗೆ ಬಂದವರಿಗೆ ನಾನು ಎಲ್ಲ ಬಿಡಿಸಿ ಹೇಳಿದೆ. ಗೇರಿಗೂ ಸಾವಿಗೂ ಏನಯ್ಯಾ ಸಂಬಂಧ ಅಂತ ನಕ್ಕರು. ನನಗೆ ಮೈ ಉರಿದುಹೋಯಿತು, ಈಗಲೂ ಉರಿಯುತ್ತದೆ. ಅಳಿಯನ ಹಣೆಯ ಬುಗುಟಿಗೆ ಮೆಕ್ಯಾನಿಕ್ ಸೇಲಂನಿಂದ ಓಡಿ ಬಂದ. ಅಕ್ಕನಿಗಾಗಿ ಒಂದು ಹಾರನ್ ವೈರು ಜೋಡಿಸಲು ಇವರಿಗೆ ಕೈ ಬರಲಿಲ್ಲ. ಕೀಲಿಕೈ ಓನರಿನ ಮೇಜಿನ ಮೇಲೆ ಎಸೆದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಗಳನ್ನು ಅಜ್ಜಿ ಕರೆದುಕೊಂಡು ಹೋದಳು.

ಮದುವೆ ಊಟಕ್ಕೆ ಕೂತಾಗ ಸಾರು ಬಡಿಸುತ್ತಾ ಬಂದ ಹುಡುಗಿ ನನ್ನನ್ನು ಗುರುತು ಹಿಡಿದಳು. ಅಕ್ಕನ ಮಗಳು! ಅವಳದೇ ಮುಖ. ಅದೇ ಸಾಲಿನಲ್ಲಿ, ನಾಲ್ಕಾರು ಎಲೆ ಆಚೆ, ಓನರ್ ಕೂತಿದ್ದ. ತಲೆ ನೆರೆತಿತ್ತು. ಹುಡುಗಿ ಅವನಿಗೆ ಉಪಚಾರ ಮಾಡಿ ಇನ್ನಷ್ಟು ಬಡಿಸಿ, ನನ್ನ ಹತ್ತಿರ ತಿರುಗಿ ಬಂದಳು.

"ಪಾವಂ, ಪಾಪದ್ದು ಅಮ್ಮ. ಕಿವಿ ಕೇಳ್ತಿರ್ಲಿಲ್ಲ, ಅದ್ಕೇ ಅಂಗಾಯ್ತು. ಅಲ್ವಾ ಮಾಮಾ?"

ತಾಯಿ ತನ್ನ ತಪ್ಪಿನಿಂದಲೇ ಸತ್ತಳು ಅಂತ ನಂಬಿಕೊಂಡೇ ಈ ಹುಡುಗಿ ಬೆಳೆದಿದ್ದಾಳೆ. ಅಕ್ಕ ತಿರುಗಿ ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ ಈ ಸುಳ್ಳೂ ಅವಳ ತಲೆಯ ಮೇಲೆ ಇರಬೇಕಾ?

"ಇಲ್ಲ ಕಣವ್ವಾ" ಅಂದೆ, ಸಾಲಿಗೆಲ್ಲ ಕೇಳಿಸುವ ಹಾಗೆ. "ವಂಡಿ ಸದ್ದು ನಿಮ್ಮಮ್ಮಂಗೆ ಚೆನ್ನಾಗಿ ಕೇಳ್ತಿತ್ತು. ಆ ಸದ್ದು ನಿಲ್ಸಿದ್ದು ಅಗೋ, ಅವ್ನು."

ತಿನ್ನುತ್ತಿದ್ದವರ ಕೈ ಎಲೆಯ ಮೇಲೆ ನಿಂತಿತು. "ಏನಪ್ಪಾ, ಮದ್ವೆ ಮನೇಲಿ..." ಅಂತ ಓನರ್ ಬಾಯಿ ತೆರೆದ. ಹುಡುಗಿ ಅವನ ಕಡೆ ನೋಡಲೇ ಇಲ್ಲ. ಸಾರಿನ ಬಕೆಟ್ಟು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು.

"ಮೊದ್ಲಿಂದ ಯೋಳು ಮಾಮಾ" ಅಂದಳು. "ಜೋರಾಗಿ ಯೋಳು."