ಲಾರಿ ದಾರಿಯ ಭೂಪ

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಹಾರ್ಮೋನಿಯಂ ಕಲಿಯಲು ಕಿತ್ತೂರಿನಿಂದ ಬೈಲಹೊಂಗಲಕ್ಕೆ ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗತೊಡಗಿದೆ. ಮಾಸ್ತರರಿಗೆ ನನ್ನ ಮಗನ ವಯಸ್ಸು. ಮಕ್ಕಳ ಗುಂಪಿನಲ್ಲಿ ವಯಸ್ಸಾದವರು ನಾವಿಬ್ಬರೇ: ನಾನು, ಮತ್ತು ಎಂ.ಕೆ. ಹುಬ್ಬಳ್ಳಿಯಿಂದ ಬರುತ್ತಿದ್ದ ಒಬ್ಬ ಲಾರಿ ಡ್ರೈವರು. ಜೀವಮಾನವಿಡೀ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದವರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ.

ಸ್ವರ ಬರೆದುಕೊಳ್ಳಲು ಮಾಸ್ತರರು ಬಿಡುತ್ತಿರಲಿಲ್ಲ. "ತಲಿಯಾಗ ಇಟ್ಕೊಳ್ರಿ" ಎನ್ನುವರು. ಭೂಪ ರಾಗದ ಎಂಟು ಸಾಲಿನ ಧಾಟಿಯೊಂದರಲ್ಲಿ ಎರಡು ತಿಂಗಳಾದರೂ ನಾನು ಮೂರನೇ ಸಾಲು ದಾಟಲಿಲ್ಲ. ಮನೆಯಲ್ಲಿ ಬಂದದ್ದು ಅಲ್ಲಿ ಕೂತೊಡನೆ ಮಾಯ. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ನನ್ನ ಬೆರಳು ಹಿಡಿದು ಸರಿಯಾದ ಸ್ವರದ ಮೇಲೆ ಇಡುತ್ತಿದ್ದಳು.

ಡ್ರೈವರ್ ಅಣ್ಣ ಮಾತ್ರ ಎಂಟೂ ಸಾಲು ಬಾರಿಸುತ್ತಿದ್ದರು. ಒಂದು ದಿನ ಬಸ್ ನಿಲ್ದಾಣದಲ್ಲಿ ಗುಟ್ಟು ಕೇಳಿದೆ. ನಾಚಿಕೊಂಡೇ ಹೇಳಿದರು.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ನಾ ಚಚಡಿಯಿಂದ ಕಬ್ಬ ಹೇರ್ಕೊಂಡು ಹೊಂಟಂಗ ಬಾರಸ್ತೇನಿ. ಮೊದಲನೇ ಸಾಲು ಊರು ಬಿಡೂದು, ಎರಡನೇದು ಏರು, ಆಮ್ಯಾಲ ಹಳ್ಳದ ಪೂಲು. ನಿಮಗೂ ಯಾವುದಾರ ದಾರಿ ಇರಬೇಕಲಾ?"

ಇತ್ತು. ಲಸಿಕೆ ಹಾಕಲು ಮನೆ ಮನೆ ತಿರುಗಿದ್ದ ಓಣಿ. ಒಂದೊಂದು ಸಾಲಿಗೆ ಒಂದೊಂದು ಮನೆ ಇಟ್ಟುಕೊಂಡೆ. ಆ ವಾರವೇ ಐದನೇ ಸಾಲಿಗೆ ಬಂದೆ.

ಆದರೆ ಕ್ಲಾಸಿನಲ್ಲಿ ಆರನೆಯದರಲ್ಲಿ ಕೈ ನಿಂತಿತು. ಮಾಸ್ತರರು ಎಲ್ಲರೆದುರು, "ಅಕ್ಕಾರ, ನಿಮ್ಮ ಬೆರಳಿಗಿಂತ ಲಾರಿ ಹೊಡದ ಕೈ ಚಲೋ ಓಡತಾವು ನೋಡ್ರಿ" ಎಂದರು. ಮಕ್ಕಳು ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ಅವರೆಲ್ಲಿ ಬಾರಸ್ತಾರ್ರಿ ಮಾಸ್ತರ? ಲಾರೀನ ಹೊಡ್ಯಾಕ ಹತ್ಯಾರ" ಎಂದು ಶುರು ಮಾಡಿ ಚಚಡಿ, ಏರು, ಹಳ್ಳದ ಸೇತುವೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ತಲೆ ಆಡಿಸುವ ಬಗೆಯನ್ನೂ ಮಾಡಿ ತೋರಿಸಿದೆ. ನಗು ಈಗ ಅವರ ಕಡೆ ಹೊರಳಿತು. ಮಾಸ್ತರರೂ ನಕ್ಕು, "ಹೊಡೀರಿ ಡ್ರೈವರ್, ಗೇರ್ ಬದಲ್ ಮಾಡ್ರಿ" ಎಂದರು. ಅಣ್ಣ ಬಾರಿಸತೊಡಗಿದರು. ಮಕ್ಕಳು ಪೋಂ ಪೋಂ ಎಂದರು. ಮೂರನೇ ಸಾಲಿನಲ್ಲಿ ಅವರ ಕೈ ನಿಂತಿತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಮುಂದಿನ ಎರಡು ಕ್ಲಾಸಿನಲ್ಲೂ ಅದೇ ಆಯಿತು. ಮೂರನೆಯದಕ್ಕೆ ಅವರು ಬರಲಿಲ್ಲ. ಅಂದೇ ನಾನು ಎಂಟೂ ಸಾಲು ತಪ್ಪಿಲ್ಲದೆ ಬಾರಿಸಿದೆ. ಮಾಸ್ತರರು ಮಕ್ಕಳಿಂದ ಚಪ್ಪಾಳೆ ಹೊಡೆಸಿದರು.

ತಿಂಗಳ ನಂತರ ಡ್ರೈವರ್ ಅಣ್ಣನ ಮನೆಗೆ ಹೋದೆ. ಹೆಂಡತಿ ಚಹಾ ಕೊಟ್ಟರು. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಹಾಸಿಗೆ ಮಡಚಿಟ್ಟಿದ್ದರು.

"ಯಾಕ ಬರವಲ್ರಿ ಅಣ್ಣಾ?"

"ಬಾರಸಾಕ ಕುಂತ್ರ ಸ್ವರ ಬರಂಗಿಲ್ರಿ ಅಕ್ಕಾರ. ಆ ಹುಡುಗೂರ ಹಾರ್ನ್ ಕೇಳಸ್ತೈತಿ." ಮತ್ತೆ ಅವರೇ ಕೇಳಿದರು: "ನಿಮ್ಮದು ಪೂರಾ ಆತೇನು?"

"ಇನ್ನೂ ಇಲ್ಲ" ಎಂದು ಸುಳ್ಳು ಹೇಳಿದೆ.

"ಬಿಡಬ್ಯಾಡ್ರಿ ಮತ್ತ. ಬರತೈತಿ."

ತಪ್ಪಾಯಿತೆಂಬ ಮಾತು ಬಾಯಿಗೆ ಬಂದಿತ್ತು. ಚಹಾ ಕುಡಿದು ಎದ್ದೆ. ಬಸ್ಸಿನಲ್ಲಿ ನಾಚಿಕೆಯಾಗದೆ ಇರಲಿಲ್ಲ. ಆದರೆ ಇನ್ನು ಕ್ಲಾಸಿನಲ್ಲಿ ನನ್ನನ್ನು ಹೋಲಿಸಲು ನನ್ನ ವಯಸ್ಸಿನವರು ಯಾರೂ ಇಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಿತ್ತು.