ಸವೆದ ಗಿಳಿ

ಶ್ರೀನಿವಾಸಪುರದ ಹತ್ತಿರದ ಹಳ್ಳಿಯೊಂದರಲ್ಲಿ, ಹಳೇ ಮನೆಯ ಬಾಗಿಲುವಾಡದ ಕೆತ್ತನೆಗಳನ್ನು ಹತ್ತಿರದಿಂದ ಫೋಟೋ ತೆಗೆಯುತ್ತಿದ್ದೆ. ಮರುದಿನವೇ ಅದನ್ನು ಕಿತ್ತು ಕಬ್ಬಿಣದ್ದು ಕೂರಿಸುವವರಿದ್ದರು.

ಮನೆಯಾಕೆ ಮುನಿರತ್ನಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಬಂದು ನನ್ನ ಪಕ್ಕ ನಿಂತರು. "ಮಳೆ ಬಿಸಿಲಿಗೆ ಬಿರುಕು ಬಿಟ್ಟಿರೋ ಮರದಲ್ಲಿ ಏನಪ್ಪಾ ಅಷ್ಟು ನೋಡ್ತೀಯ?"

ಕ್ಯಾಮೆರಾ ಪರದೆ ತೋರಿಸಿದೆ. ಎಳೆ ಎಳೆಯಾಗಿ ಸೀಳಿದ್ದ ಮರದಲ್ಲಿ ಗಿಳಿಯೊಂದು ಮರಿಗೆ ತುತ್ತು ಕೊಡುತ್ತಿತ್ತು. ಆಕೆ ಪರದೆಯನ್ನು ನೋಡಿದರು, ಬಗ್ಗಿ ಬಾಗಿಲನ್ನು ನೋಡಿದರು.

"ಇದು ನಮ್ದೇನಾ? ಮದುವೆಯಾಗಿ ಬಂದಾಗಿಂದ ಅರಿಶಿನ ಹಚ್ತಿದೀನಿ, ಒಂದಿನಾನೂ ಕಾಣ್ಲಿಲ್ವಲ್ಲ!"

ಎಡಗಡೆಯ ಗಿಳಿಯನ್ನು ಮಾತ್ರ ನಾನು ಬಿಟ್ಟಿದ್ದೆ. ಅದರ ತಲೆ, ಕೊಕ್ಕು ಎಲ್ಲ ಸವೆದು ನುಣ್ಣಗಾಗಿದ್ದವು. "ಇದೊಂದು ಹಾಳಾಗಿದೆ ಅಮ್ಮ" ಎಂದೆ.

"ಹಾಳೇನಿಲ್ಲ ಕಣಪ್ಪಾ. ನಮ್ಮತ್ತೆ ಮಂಡಿನೋವು ಅಂತ ಇದನ್ನೇ ಹಿಡ್ಕೊಂಡು ಹೊಸಿಲು ದಾಟೋರು. ಬಸುರೀಲಿ ನಾನೂ ಅಷ್ಟೇ." ಹೇಳುತ್ತಲೇ ಕೈಯಿಟ್ಟು ತೋರಿಸಿದರು. ಅಂಗೈ ಗಿಳಿಯ ಮೇಲೆ ಸರಿಯಾಗಿ ಕೂತಿತು. ತೋರಿಸಿದ ಮೇಲೂ ಕೈಯನ್ನು ತೆಗೆಯಲಿಲ್ಲ. ನಾನು ಹಾಗೇ ಒಂದು ಫೋಟೋ ತೆಗೆದೆ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಮೇಸ್ತ್ರಿಗೆ ಫೋನ್ ಮಾಡಿ, "ರೇಪು ರಾವೊದ್ದು" ಎಂದು ತೆಲುಗಿನಲ್ಲಿ ಹೇಳಿದರು. ನಾಳೆ ಬರಬೇಡ ಎಂದಷ್ಟೇ. ಆ ಕಡೆಯಿಂದ ಯಾಕೆ ಎಂದು ಕೇಳಿರಬೇಕು. "ಏನಿಲ್ಲ, ಇನ್ನೂ ಸರಿಯಾಗಿ ನೋಡಿಲ್ಲ" ಎಂದು ಫೋನ್ ಇಟ್ಟರು.

ಆ ಊರಿನಿಂದ ನಾನು ತಂದ ಚಿತ್ರಗಳಲ್ಲಿ ಎಲ್ಲರೂ ಮೆಚ್ಚುವುದು ಒಂದನ್ನೇ. ಅದರಲ್ಲಿ ಕೆತ್ತನೆ ಒಂಚೂರೂ ಕಾಣುವುದಿಲ್ಲ, ಮುನಿರತ್ನಮ್ಮನವರ ಕೈ ಅಡ್ಡ ಬಂದಿದೆ.