ನೀಲವ್ವತ್ತೆ ಹಾಕಿದ ಮೂರು ಬೊಗಸೆ ನೀರು

ಹಳಿಯಾಳದಿಂದ ದಾಂಡೇಲಿಗೆ ಹೊರಡುವ ಬೆಳಗಿನ ಬಸ್ಸನ್ನು ನಾನೂ ನನ್ನ ಸೋದರತ್ತೆ ನೀಲವ್ವನೂ ಹತ್ತಿದೆವು. ಹೊಸ ಪೈಸೆ ಬಂದು ಎರಡು ವರ್ಷವಾಗಿದ್ದರೂ ಅತ್ತೆ ಟಿಕೀಟಿನ ದರವನ್ನು ಆಣೆಯಲ್ಲೇ ಕೇಳಿದಳು. ಕಂಡಕ್ಟರ್ ಎರಡು ಸಲ ವಾದಿಸಿ, ಕೊನೆಗೆ ಆಣೆಯಲ್ಲೇ ಹೇಳಿ ಪಾರಾದ.

ಅತ್ತೆ ಸೂಲಗಿತ್ತಿ. ಕೊರಳಲ್ಲಿ ಲಿಂಗ, ಮಡಿಲಲ್ಲಿ ರೊಟ್ಟಿಯ ಗಂಟು. ಒಂದು ತಿಂಗಳ ಹಿಂದೆ ಅವಳು ಹೆರಿಗೆ ಮಾಡಿಸಿದ ಸಿದ್ದಿ ಕ್ರೈಸ್ತರ ಕೂಸಿಗೆ ಅಂದು ಇಗರ್ಜಿಯಲ್ಲಿ ತಲೆಗೆ ನೀರು ಹಾಕುವ ಜ್ಞಾನಸ್ನಾನವಿತ್ತು. ಕೂಸಿನ ತಂದೆ ಅಂತೋನಿ ತಾನೇ ಬಂದು ಕರೆದು ಹೋಗಿದ್ದ. ಅತ್ತೆ ನನ್ನನ್ನೇಕೆ ಜೊತೆಗೆ ಎಳೆದಳೆಂಬುದು ಬಸ್ಸು ಕಾಡು ಹೊಕ್ಕ ಮೇಲೆ ತಿಳಿಯಿತು.

"ತಮ್ಮಾ, ಆ ಕೂಸು ಹುಟ್ಟಿದಾಗ ಅಳಲೇ ಇಲ್ಲ. ನೀಲಿಗಟ್ಟಿತ್ತು. ಜ್ಞಾನಸ್ನಾನ ಇಲ್ಲದ ಹೋದ್ರ ಕೂಸಿಗೆ ಸ್ವರ್ಗ ಇಲ್ಲ, ನೀರು ಹಾಕವ್ವಾ ಅಂತ ತಾಯಿ ರೋಜಿನಾ ಅತ್ತಳು. ಅಕಿ ಹೇಳಿಕೊಟ್ಟ ಮಾತು ಹೇಳಿ ಮೂರು ಬೊಗಸಿ ಹಾಕಿದ್ನಿ. ಆಮ್ಯಾಲ ಕೂಸು ಅತ್ತು ಉಳಕೊಂಡಿತು."

"ಒಳ್ಳೇದೇ ಆತಲ್ಲ?"

"ಏನ್ ಒಳ್ಳೇದು! ಲಿಂಗ ಕಟ್ಟಿದಾಕಿ ನೀರು ಹಾಕ್ಯಾಳಂತ ತಿಳಿದ್ರ ಅಕಿ ಅತ್ತಿ ಸುಮ್ನಿರತಾಳೇನು? ನಮ್ಮ ಓಣ್ಯಾಗ ತಿಳಿದ್ರ ನನ್ನ ಕತಿ ಮುಗೀತು. ಅದಕ್ಕ ಇಬ್ಬರೂ ಬಾಯಿ ಮುಚ್ಚಿಕೊಂಡೇವಿ. ಒಬ್ಬಾಕಿನ ಹೋಗಾಕ ಧೈರ್ಯ ಸಾಲಲಿಲ್ಲ, ನಿನ್ನ ಕರಕೊಂಡ್ನಿ. ಇವತ್ತ ಪಾದ್ರಿ ಇನ್ನೊಮ್ಮಿ ಹಾಕ್ತಾರ. ಎರಡು ಸಲ ತೊಳದ್ರ ಕೂಸೇನು ಸವೀತೈತೇನು?"

ನಡುದಾರಿಯಲ್ಲಿ ಇಳಿದು, ಕೆಂಪು ಧೂಳಿನಲ್ಲಿ ಎರಡು ಮೈಲಿ ನಡೆದೆವು. ಹೆಂಚಿನ ಪುಟ್ಟ ಇಗರ್ಜಿಯ ಮುಂದೆ ಊರೇ ಸೇರಿತ್ತು. ಧರ್ಮದಲ್ಲಿ ಕೂಸಿನ ಹೊಣೆ ಹೊತ್ತು ಜ್ಞಾನತಂದೆಯಾಗಲಿದ್ದ ಮನುಷ್ಯ ಬಿರುಬಿಸಿಲಿನಲ್ಲಿ ಎರವಲು ಉಣ್ಣೆಯ ಕೋಟು ತೊಟ್ಟು, ಬೆವರಿನಲ್ಲಿ ತನ್ನ ಸ್ನಾನ ಆಗಲೇ ಮುಗಿಸಿದ್ದ. ಹಿಂದೆ ಹಂದಿಯ ಮಾಂಸ ಬೇಯುತ್ತಿತ್ತು. ಅತ್ತೆ ಸೆರಗನ್ನು ಮೂಗಿಗೆ ಹಿಡಿದಳು.

ಪಾದ್ರಿಗಳು ಪುಸ್ತಕ ತೆರೆಯುವ ಮೊದಲು ವಾಡಿಕೆಯಂತೆ ಕೇಳಿದರು: "ಈ ಮಗುವಿಗೆ ಮನೆಯಲ್ಲಿ ಯಾರಾದರೂ ನೀರು ಹಾಕಿದ್ದಾರೆಯೇ?"

ಪಾದ್ರಿಗಳ ಮುಂದೆ ಸುಳ್ಳಾಡಲಾರದೆ ರೋಜಿನಾ ನಮ್ಮತ್ತೆಯನ್ನು ನೋಡಿದಳು. ಅತ್ತೆ ನನ್ನನ್ನು ನೋಡಿದಳು. ನಾನು ಹೆಂಚುಗಳನ್ನು ಎಣಿಸತೊಡಗಿದೆ.

"ನಾನ ಹಾಕೀನ್ರೀ," ಎಂದು ಅತ್ತೆಯೇ ಮುಂದೆ ಬಂದಳು.

"ಯಾವ ನೀರು?"

"ಬಾವಿ ನೀರು. ಸೋಸಿದ್ದು."

"ಏನು ಹೇಳಿದಿರಿ?"

ಅತ್ತೆ ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು: "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಾಗ ನಿನಗ ಜ್ಞಾನಸ್ನಾನ ಮಾಡಿಸ್ತೇನಿ."

"ಯಾವ ಉದ್ದೇಶದಿಂದ?"

"ಉದ್ದೇಶ ಏನ್ರೀ? ನಿಮ್ಮಾವ್ರು ಏನು ಮಾಡ್ತಾರೋ ಅದನ್ನ ಮಾಡಂತ ತಾಯಿ ಬೇಡಿದ್ಲು. ಅದನ್ನ ಮಾಡಿದ್ನಿ. ಕೂಸು ಹೋದ್ರೂ ಅಕಿ ಜೀವಕ್ಕ ಸಮಾಧಾನ ಇರ್ಲಿ ಅಂತ."

ಪಾದ್ರಿಗಳು ನೀರಿನ ಹೂಜಿಯನ್ನು ಪಕ್ಕಕ್ಕಿಟ್ಟರು. "ಜ್ಞಾನಸ್ನಾನ ಆಗಿಹೋಗಿದೆ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಮಾಡಬಹುದು. ಒಮ್ಮೆ ಆದದ್ದನ್ನು ನಾನಿರಲಿ, ರೋಮಿನ ಪೋಪರೂ ಮತ್ತೆ ಮಾಡುವಂತಿಲ್ಲ," ಎಂದು ಹೇಳಿ, ಎಣ್ಣೆ, ಬಿಳಿಬಟ್ಟೆ, ಮೇಣಬತ್ತಿಯ ಉಳಿದ ವಿಧಿಗಳನ್ನು ಪೂರೈಸಿದರು.

ರೋಜಿನಾಳ ಅತ್ತೆ ನತಾಲಿನಬಾಯಿ ಹೊರಗೆ ಬಂದವಳೇ ನಮ್ಮತ್ತೆಯ ರಟ್ಟೆ ಹಿಡಿದಳು. ಮುಗಿಯಿತು ಎಂದುಕೊಂಡೆ.

"ಇದನ್ನ ಇಡೀ ತಿಂಗಳು ಹೊಟ್ಟ್ಯಾಗ ಇಟ್ಟುಕೊಂಡ್ಯಾ? ನೀರು ಬೀಳೂಕಿಂತ ಮೊದಲ ಕೂಸಿಗೆ ಏನರ ಆದ್ರ ಅಂತ ನಾ ಒಂದು ದಿನಾನೂ ಕಣ್ಣು ಮುಚ್ಚಿಲ್ಲ!" ಎಂದು ಬೈಯುತ್ತಲೇ ತಬ್ಬಿಕೊಂಡು ಅತ್ತಳು.

ಸಂಜೆಯ ಬಸ್ಸಿಗೆ ಕಾಯುವಾಗ ಅತ್ತೆ ನನ್ನಿಂದ ಆಣೆ ಮಾಡಿಸಿಕೊಂಡಳು. ಈ ಮಾತು ಓಣಿಗೆ ಹೋಗಕೂಡದು. ಬಸ್ಸಿನಲ್ಲಿ ನಮ್ಮ ಓಣಿಯ ಗಂಗವ್ವನೇ ಕುಳಿತಿದ್ದಳು. ಅವಳ ಕಿವಿಗೆ ಬಿದ್ದದ್ದು ಊರಿಗೇ ಬಿದ್ದಂತೆ.

"ಎಲ್ಲಿಗೆ ಹೋಗಿದ್ದಿ ನೀಲವ್ವಾ?"

ಅತ್ತೆ ಸೆರಗು ಸರಿಪಡಿಸಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಶುರುಮಾಡಿದಳು.

"ಗಂಗವ್ವಾ, ನಾ ಒಮ್ಮಿ ಹಾಕಿದ ನೀರನ್ನ ರೋಮಿನ ಪೋಪರಿಗೂ ಮತ್ತ ಹಾಕಾಕ ಬರಂಗಿಲ್ಲಂತ, ಗೊತ್ತೈತೇನು?"